ಗೆಲುವಿನ ನಾಣ್ಯ, ತಪ್ಪಿದ ಅಕ್ಷರ

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದವರು ನನಗೆ ಕೊಟ್ಟ ವಿಷಯ 'ಶುದ್ಧ ಬರಹದ ಮಹತ್ವ'. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು ನಾನು, ಆದ್ದರಿಂದ ನನಗೇ ಈ ವಿಷಯ ಬಂತೆಂದು ಕಾಣುತ್ತದೆ. ಆದರೆ ಈ ವಿಷಯದ ಮೇಲೆ ನೀವು ಶಾಲೆಯಲ್ಲಿ ಎಷ್ಟೋ ಪ್ರಬಂಧಗಳನ್ನು ಬರೆದಿದ್ದೀರಿ, ನಾನು ಅವನ್ನೆಲ್ಲ ತಿದ್ದಿದ್ದೇನೆ. ಅದನ್ನೇ ಮತ್ತೆ ಹೇಳಿದರೆ ನಿಮಗೂ ಬೇಸರ, ನನಗೂ ಬೇಸರ. ಆದ್ದರಿಂದ ಇಂದು ಎರಡು ಸಾವಿರ ವರ್ಷ ಹಳೆಯ ರೋಮನ್ ಬೆಳ್ಳಿ ನಾಣ್ಯಗಳ ವಿಚಾರ ಹೇಳುತ್ತೇನೆ. ಯುದ್ಧ ಗೆದ್ದೆವೆಂದು ಸಾರಲು ರೋಮನ್ನರು ಅಚ್ಚು ಹಾಕಿಸಿದ ನಾಣ್ಯಗಳು ಅವು. ಅವುಗಳಲ್ಲೂ ಅಕ್ಷರ ತಪ್ಪಿವೆ. ಆ ತಪ್ಪುಗಳಿಂದ ನಾವು ಕಲಿಯಬಹುದಾದದ್ದು ಬಹಳ ಇದೆ.

ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ದಾಖಲಾತಿ ಪುಸ್ತಕಕ್ಕೆ ಮಕ್ಕಳ ಹೆಸರು ಏರಿಸುವ ಕೆಲಸ ನನಗೆ ಬಿತ್ತು. ಒಬ್ಬ ಹುಡುಗಿಯ ಹೆಸರಿನಲ್ಲಿ ಉರ್ದುವಿನ 'ಜ಼ೇ' ಅಕ್ಷರವಿತ್ತು. ಕನ್ನಡದಲ್ಲಿ ನಾನು 'ಜ' ಎಂದು ಬರೆದೆ. ಅದನ್ನು ನೋಡಿ ಇಂಗ್ಲಿಷಿಗೆ ಇಳಿಸುವಾಗ 'ಝಡ್' ಇರಬೇಕಾದ ಕಡೆ 'ಜೆ' ಹಾಕಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲೂ ಅದೇ ಬಂತು. ಮುಂದೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ಪಾಸ್‌ಬುಕ್ಕಿಗೂ ಅಂಕಪಟ್ಟಿಗೂ ತಾಳೆಯಾಗಲಿಲ್ಲ, ಅರ್ಜಿ ವಾಪಸ್ಸಾಯಿತು. ಅವಳ ತಂದೆ ನನ್ನ ಬಳಿ ಬಂದು, "ಏಕ್ ಹರ್ಫ್‌ಚ್ ತೋ ಹೈ ನಾ, ಮಾಸ್ಟರ್ ಸಾಬ್?" ಎಂದರು. ಒಂದೇ ಅಕ್ಷರ ತಾನೇ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಆ ಒಂದಕ್ಷರಕ್ಕಾಗಿ ಅವರು ಎಷ್ಟು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆದರೆಂಬುದು ನನಗೆ ಗೊತ್ತು. ಈ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದಿನಾರಿನ ಅಜ್ಜ

ರೋಮನ್ನರ ಮುಖ್ಯ ಬೆಳ್ಳಿ ನಾಣ್ಯದ ಹೆಸರು 'ದಿನಾರಿಯಸ್'. ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನೊಂದಿಗೆ ಯುದ್ಧ ನಡೆಯುತ್ತಿದ್ದಾಗ, ಸುಮಾರು ಕ್ರಿ.ಪೂ. 211ರಲ್ಲಿ ಇದು ಚಲಾವಣೆಗೆ ಬಂತು. ಆರಂಭದಲ್ಲಿ ಹತ್ತು 'ಆಸ್' ಎಂಬ ಕಂಚಿನ ನಾಣ್ಯಗಳಿಗೆ ಸಮವಾಗಿದ್ದರಿಂದ ಈ ಹೆಸರು. ನಿಮಗೆ ಪರಿಚಿತವಾದ 'ದಿನಾರ್' ಎಂಬ ಶಬ್ದ ಈ ದಿನಾರಿಯಸ್ಸಿನಿಂದಲೇ ಗ್ರೀಕ್ ಮೂಲಕ ಪೂರ್ವದ ಭಾಷೆಗಳಿಗೆ ಬಂದದ್ದು. ಗಣರಾಜ್ಯದ ಕಾಲದ ಒಂದು ದಿನಾರಿಯಸ್ ಸುಮಾರು 4 ಗ್ರಾಂ ತೂಗುತ್ತಿತ್ತು. ನಿಮ್ಮ ಜೇಬಿನಲ್ಲಿರುವ ಒಂದು ರೂಪಾಯಿ ನಾಣ್ಯದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಗಲದಲ್ಲಿ ದಿನಾರಿಯಸ್ ಸ್ವಲ್ಪ ಚಿಕ್ಕದು.

ಇಷ್ಟು ಚಿಕ್ಕ ಬೆಳ್ಳಿಯ ಬಿಲ್ಲೆಯ ಮೇಲೆ ದೇವತೆಯ ಮುಖ, ಕುದುರೆಗಳ ರಥ, ಸೆರೆಯಾಳು, ಶತ್ರುಗಳಿಂದ ಕಸಿದ ಆಯುಧಗಳ ಸ್ತಂಭ ಎಲ್ಲವನ್ನೂ ಕೆತ್ತುತ್ತಿದ್ದರು. ವೃತ್ತಪತ್ರಿಕೆ ಇಲ್ಲದ, ರೇಡಿಯೋ ಇಲ್ಲದ ಕಾಲ ಅದು. ಸೈನಿಕನ ಸಂಬಳವಾಗಿ, ಸಂತೆಯ ಚಿಲ್ಲರೆಯಾಗಿ ಮನೆಮನೆಗೆ ಹೋಗುತ್ತಿದ್ದ ನಾಣ್ಯವೇ ಸರ್ಕಾರದ ವಾರ್ತಾ ಪತ್ರ. ಇಂಥ ದೇಶವನ್ನು ಗೆದ್ದೆವು, ಇಂಥ ರಾಜನನ್ನು ಮಣಿಸಿದೆವು ಎಂಬ ಸುದ್ದಿ ಅದರ ಮೇಲೆ ಇರುತ್ತಿತ್ತು.

ಟಂಕಸಾಲೆಯಲ್ಲಿ ತಪ್ಪು ಹೇಗಾಗುತ್ತಿತ್ತು?

ಉರ್ದುವಿನಲ್ಲಿ 'ಟಕ್ಸಾಲೀ ಜ಼ಬಾನ್' ಎಂಬ ಮಾತಿದೆ. ಟಂಕಸಾಲೆಯಿಂದ ಬಂದ ನಾಣ್ಯದಂತೆ ಖರೆಯಾದ, ಶುದ್ಧವಾದ ಭಾಷೆ ಎಂದು ಅರ್ಥ. ಆದರೆ ಟಂಕಸಾಲೆಯೇ ತಪ್ಪು ಮಾಡಿದರೆ?

ಆಗ ಯಂತ್ರಗಳಿರಲಿಲ್ಲ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಕಾಯಿಸಿದ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು, ಅದರ ಮೇಲೆ ಸುತ್ತಿಗೆಯ ಏಟು. ಒಂದೇ ಏಟಿಗೆ ಎರಡೂ ಮುಖ ಮೂಡಬೇಕು. ಬಿಲ್ಲೆ ಸ್ವಲ್ಪ ಜರುಗಿದರೆ ಚಿತ್ರ ಒಂದು ಪಕ್ಕಕ್ಕೆ ವಾಲಿ ಅರ್ಧ ಅಕ್ಷರಗಳು ಹೊರಗುಳಿಯುತ್ತಿದ್ದವು. ಎರಡನೇ ಏಟು ಬಿದ್ದರೆ ಒಂದರ ಮೇಲೊಂದು ಚಿತ್ರ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ.

ಇನ್ನೊಂದು ವಿಚಿತ್ರ ತಪ್ಪಿದೆ. ಅಚ್ಚಾದ ನಾಣ್ಯ ಕೆಲವೊಮ್ಮೆ ಮೇಲಿನ ಅಚ್ಚಿಗೇ ಅಂಟಿಕೊಳ್ಳುತ್ತಿತ್ತು. ಕೆಲಸಗಾರ ಗಮನಿಸದೆ ಹೊಸ ಬಿಲ್ಲೆಯಿಟ್ಟು ಹೊಡೆದರೆ, ಅಂಟಿಕೊಂಡ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತಿತ್ತು. ಆಗ ಹೊಸ ನಾಣ್ಯದ ಎರಡೂ ಕಡೆ ಒಂದೇ ಚಿತ್ರ. ಒಂದು ಕಡೆ ಉಬ್ಬಾಗಿ, ಇನ್ನೊಂದು ಕಡೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಇಂಥ ನಾಣ್ಯಗಳು ಇಂದೂ ಸಿಗುತ್ತವೆ.

ಇವೆಲ್ಲ ಸುತ್ತಿಗೆಯ ತಪ್ಪುಗಳು. ಕೆತ್ತುವವನ ತಪ್ಪುಗಳು ಬೇರೆ. ನಾಣ್ಯದಲ್ಲಿ ಅಕ್ಷರ ನೇರವಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅದನ್ನು ತಿರುಗಿಸಿ ಕೆತ್ತಬೇಕು. ಎಡದಿಂದ ಬಲಕ್ಕೆ ಓದುವ ಲ್ಯಾಟಿನ್ ಅನ್ನು ಆತ ಬಲದಿಂದ ಎಡಕ್ಕೆ ಬರೆಯಬೇಕು. ಬೆಳಿಗ್ಗೆ ಉರ್ದು ಪೀರಿಯಡ್ಡಿನಲ್ಲಿ ಬಲದಿಂದ, ಮುಂದಿನ ಪೀರಿಯಡ್ಡಿನಲ್ಲಿ ಎಡದಿಂದ ಬರೆಯುವ ನಮ್ಮ ಮಕ್ಕಳಿಗೆ ಇದರ ಕಷ್ಟ ಗೊತ್ತು. ಅಭ್ಯಾಸಬಲದಿಂದ ಕೈ ತಿರುಗುವುದನ್ನು ಮರೆತರೆ ನಾಣ್ಯದಲ್ಲಿ ಅಕ್ಷರ ತಲೆಕೆಳಗಾಗಿಯೋ ಹಿಂದುಮುಂದಾಗಿಯೋ ಬೀಳುತ್ತಿತ್ತು. ಜಾಗ ಸಾಲದಿದ್ದರೆ ಕೊನೆಯ ಅಕ್ಷರ ಬಿಟ್ಟುಹೋಗುತ್ತಿತ್ತು.

ಒಂಟೆಯ ಪಕ್ಕದಲ್ಲಿ ಮಂಡಿಯೂರಿದ ರಾಜ

ಈಗ ಒಂದು ನಾಣ್ಯವನ್ನು ನಿಧಾನವಾಗಿ ನೋಡೋಣ. ಕ್ರಿ.ಪೂ. 58ರಲ್ಲಿ ರೋಮಿನ ಇಬ್ಬರು ಅಧಿಕಾರಿಗಳು, ಮಾರ್ಕಸ್ ಎಮಿಲಿಯಸ್ ಸ್ಕಾರಸ್ ಮತ್ತು ಪಬ್ಲಿಯಸ್ ಪ್ಲಾಟಿಯಸ್ ಹಿಪ್ಸೆಯಸ್, ಸೆನೆಟ್ಟಿನ ಅನುಮತಿ ಪಡೆದು ಹೊರಡಿಸಿದ ದಿನಾರಿಯಸ್ ಇದು. ಬಹಳ ದೊಡ್ಡ ಸಂಖ್ಯೆಯಲ್ಲಿ ಅಚ್ಚಾಯಿತು.

ಒಂದು ಮುಖದಲ್ಲಿ ಒಂಟೆ. ಅದರ ಪಕ್ಕದಲ್ಲಿ ಒಬ್ಬ ರಾಜ ಮಂಡಿಯೂರಿ ಆಲಿವ್ ಕೊಂಬೆಯನ್ನು ಮುಂದೆ ಚಾಚಿದ್ದಾನೆ. ಕೆಳಗೆ 'ರೆಕ್ಸ್ ಅರೆಟಾಸ್' ಎಂದಿದೆ, ಅಂದರೆ 'ರಾಜ ಅರೆಟಾಸ್'. ಇನ್ನೊಂದು ಮುಖದಲ್ಲಿ ನಾಲ್ಕು ಕುದುರೆಗಳ ರಥದ ಮೇಲೆ ಜುಪಿಟರ್ ದೇವತೆ. ಅಲ್ಲಿರುವುದು ಹಿಪ್ಸೆಯಸ್‌ನ ಹೊಗಳಿಕೆ. ಇನ್ನೂರೈವತ್ತು ವರ್ಷಗಳಿಗೂ ಹಿಂದೆ ತನ್ನ ಪೂರ್ವಜನೊಬ್ಬ ಪ್ರಿವರ್ನಮ್ ಎಂಬ ಊರನ್ನು ವಶಪಡಿಸಿಕೊಂಡನೆಂದು ಆತ ಹೇಳಿಕೊಂಡಿದ್ದಾನೆ.

ಈ ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎಲ್ಲವೂ ಒಂದೇ ರೀತಿ ಇಲ್ಲ. 'ವಶವಾಯಿತು' ಎಂಬರ್ಥದ ಶಬ್ದ ಕೆಲವು ಅಚ್ಚುಗಳಲ್ಲಿ 'ಕಾಪ್ಟುಮ್' ಎಂದು ಪೂರ್ತಿಯಾಗಿದೆ, ಕೆಲವುಗಳಲ್ಲಿ 'ಕಾಪ್ಟು' ಎಂದು ನಿಂತಿದೆ. ಅಧಿಕಾರಿಯ ಹೆಸರು ಕೆಲವುಗಳಲ್ಲಿ 'ಹುಪ್ಸೆಯುಸ್', ಕೆಲವುಗಳಲ್ಲಿ ಬರೀ 'ಹುಪ್ಸೆ'. ಊರಿನ ಹೆಸರಿನ ಮೊದಲ ಸ್ವರಕ್ಕೆ ಹಳೆಯ ಕಾಲದ ಪದ್ಧತಿಯಂತೆ ಒಂದರ ಬದಲು ಎರಡು ಅಕ್ಷರ ಹಾಕಿದ್ದಾರೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ತಿಳಿಯಬೇಕು. ತಪ್ಪು ಬೇರೆ, ಪಾಠಭೇದ ಬೇರೆ. 'ಕಾಪ್ಟು' ಎಂಬುದು ತಪ್ಪಲ್ಲ, ಜಾಗ ನೋಡಿ ಮಾಡಿದ ಸಂಕ್ಷೇಪ. ಹಳೆಯ ಕಾಗುಣಿತವೂ ತಪ್ಪಲ್ಲ. ಮುಂದೆ ಆಗಸ್ಟಸ್ ಚಕ್ರವರ್ತಿ ಈಜಿಪ್ಟ್ ಗೆದ್ದುದಕ್ಕೆ ಕ್ರಿ.ಪೂ. 28ರ ಸುಮಾರಿಗೆ ಮೊಸಳೆಯ ಚಿತ್ರದ ದಿನಾರಿಯಸ್ ಹೊರಡಿಸಿದ. ಅದರಲ್ಲಿ ಈಜಿಪ್ಟಿನ ಹೆಸರು 'ಎಗುಪ್ಟೊ' ಎಂದಿದೆ. ಲ್ಯಾಟಿನ್ ಪುಸ್ತಕಗಳಲ್ಲಿ ನಾವು ಕಾಣುವ ಕಾಗುಣಿತ ಬೇರೆ. ಗ್ರೀಕರ ಒಂದು ಸ್ವರಕ್ಕೆ ಲ್ಯಾಟಿನ್ನಿನಲ್ಲಿ ಯಾವ ಅಕ್ಷರ ಬಳಸಬೇಕೆಂಬುದು ಆಗ ಎಲ್ಲರಿಗೂ ಒಂದೇ ಆಗಿರಲಿಲ್ಲ, ಅಷ್ಟೇ. ಧಾರವಾಡದವರು ಮಾತನಾಡುವ ಕನ್ನಡವನ್ನು ಮೈಸೂರಿನವರು ತಪ್ಪೆನ್ನಲಾಗದು. ನಮ್ಮ ಮನೆಯ ದಖನಿಯನ್ನು ಲಖನೌದವರು ತಪ್ಪೆನ್ನಲಾಗದು. ಆದರೆ 'ಹಕ್ಕಿ' ಎನ್ನಬೇಕಾದಲ್ಲಿ 'ಅಕ್ಕಿ' ಎಂದು ಬರೆದರೆ ಅದು ತಪ್ಪೇ. ಉರ್ದುವಿನಲ್ಲಿ ಮೇಲಿನ ಚುಕ್ಕಿ ಕೆಳಗೆ ಬಿದ್ದರೆ 'ಖುದಾ' ಹೋಗಿ 'ಜುದಾ' ಆಗುತ್ತದೆ. ಅದೂ ತಪ್ಪೇ.

ಹಾರಿಥಾ ಹೇಗೆ ಅರೆಟಾಸ್ ಆದ?

ಆ ಮಂಡಿಯೂರಿದ ರಾಜ ಯಾರು? ಇಂದಿನ ಜೋರ್ಡಾನ್ ದೇಶದಲ್ಲಿರುವ ಪೆಟ್ರಾ ನಗರವನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಕೆಂಪು ಬಂಡೆಯನ್ನು ಕೊರೆದು ಮಾಡಿದ ನಗರ. ಅದು ನಬಾತಿ ಅರಬರ ರಾಜಧಾನಿ. ಅವರ ದೊರೆ ಮೂರನೇ ಅರೆಟಾಸ್. ಅವನ ನಿಜವಾದ ಹೆಸರು ಅರಬ್ಬಿಯಲ್ಲಿ ಹೇಳುವುದಾದರೆ 'ಹಾರಿಥಾ'. ಅದರ ಮೊದಲ ಅಕ್ಷರ ನಮ್ಮ 'ಬಡೀ ಹೇ'. ಗ್ರೀಕರಿಗೆ ಆ ಉಚ್ಚಾರಣೆ ಬರಲಿಲ್ಲ, ಹಕಾರ ಬಿದ್ದುಹೋಯಿತು. ಗ್ರೀಕರಿಂದ ರೋಮನ್ನರಿಗೆ ಬಂದಾಗ 'ಅರೆಟಾಸ್' ಎಂದೇ ಬಂತು. ಹಕ್ಕಿ ಅಕ್ಕಿಯಾದಂತೆ ಹಾರಿಥಾ ಅರೆಟಾಸ್ ಆದ. ಸಾವಿರಾರು ಬೆಳ್ಳಿ ನಾಣ್ಯಗಳ ಮೇಲೆ ಆ ಮನುಷ್ಯನ ಹೆಸರು ಅವನ ಮನೆಯವರು ಕರೆಯದ ರೀತಿಯಲ್ಲಿ ಉಳಿಯಿತು.

ಇನ್ನೊಂದು ಮಾತು. ಅರಬ್ಬಿ ಲಿಪಿಯು ನಬಾತಿ ಲಿಪಿಯಿಂದ ಬೆಳೆದು ಬಂತೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನಮ್ಮ ಉರ್ದು ಲಿಪಿ ಅರಬ್ಬಿಯಿಂದ ಪಾರ್ಸಿ ಮೂಲಕ ಬಂದದ್ದು. ಅಂದರೆ ನಾಣ್ಯದ ಮೇಲೆ ಸೋತವನಂತೆ ಮಂಡಿಯೂರಿದವನ ಜನರ ಅಕ್ಷರಗಳೇ ಇಂದು ನಿಮ್ಮ ಉರ್ದು ಪುಸ್ತಕದಲ್ಲಿವೆ.

ಅಕ್ಷರ ಸರಿ, ಸುದ್ದಿ ತಪ್ಪು

ಈ ನಾಣ್ಯದಲ್ಲಿ ಇನ್ನೂ ದೊಡ್ಡ ತಪ್ಪೊಂದಿದೆ. ಅದು ಅಕ್ಷರದ ತಪ್ಪಲ್ಲ.

ಕ್ರಿ.ಪೂ. 62ರಲ್ಲಿ ಸ್ಕಾರಸ್ ಸಿರಿಯಾದಲ್ಲಿದ್ದ. ಪೆಟ್ರಾದ ಕಡೆಗೆ ಸೈನ್ಯ ನಡೆಸಿದ. ಮುಂದೇನಾಯಿತೆಂಬುದನ್ನು ಮೊದಲ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ದಾರಿ ಬಹಳ ಕಠಿಣ. ರೋಮನ್ ಸೈನ್ಯ ಹಸಿವಿನಿಂದ ಕಂಗಾಲಾಯಿತು. ಆಂಟಿಪೇಟರ್ ಎಂಬ ಮಧ್ಯಸ್ಥ ಧಾನ್ಯ ತಂದುಕೊಟ್ಟ. ಅವನೇ ಸಂಧಾನ ನಡೆಸಿ ಅರೆಟಾಸ್‌ನಿಂದ 300 ಟ್ಯಾಲೆಂಟ್ ಬೆಳ್ಳಿ ಕೊಡಿಸಿದ. ಸ್ಕಾರಸ್ ಹಣ ಪಡೆದು ಹಿಂತಿರುಗಿದ. ಪೆಟ್ರಾ ಬೀಳಲಿಲ್ಲ, ರಾಜ್ಯ ಹೋಗಲಿಲ್ಲ. ನಬಾತಿ ರಾಜ್ಯ ಆ ನಂತರವೂ 160 ವರ್ಷಗಳಿಗಿಂತ ಹೆಚ್ಚು ಕಾಲ ಬಾಳಿತು.

ಆದರೆ ನಾಲ್ಕು ವರ್ಷಗಳ ನಂತರ ರೋಮಿನಲ್ಲಿ ಅಧಿಕಾರಿಯಾದಾಗ ಅದೇ ಸ್ಕಾರಸ್ ರಾಜನನ್ನು ಮಂಡಿಯೂರಿಸಿ ನಾಣ್ಯ ಹೊರಡಿಸಿದ. ಆ ವರ್ಷ ಆತ ಜನರನ್ನು ಮೆಚ್ಚಿಸಲು ಮಾಡಿದ ಆಡಂಬರ ಪ್ರಸಿದ್ಧವಾಗಿದೆ. 360 ಕಂಬಗಳ ತಾತ್ಕಾಲಿಕ ರಂಗಮಂದಿರ ಕಟ್ಟಿಸಿದನೆಂದೂ, ನೀರಾನೆ ಮತ್ತು ಐದು ಮೊಸಳೆಗಳನ್ನು ತರಿಸಿ ತೋರಿಸಿದನೆಂದೂ ಪ್ಲಿನಿ ಬರೆದಿದ್ದಾನೆ. ರೋಮಿನ ಅಧಿಕಾರಿಗಳು ನಾಣ್ಯಗಳಲ್ಲಿ ತಮ್ಮ ಪೂರ್ವಜರನ್ನು ಹೊಗಳಿಕೊಳ್ಳುವುದು ವಾಡಿಕೆ. ತನ್ನ ಸ್ವಂತ ಸಾಹಸವನ್ನೇ ಹಾಕಿಸಿಕೊಂಡವರಲ್ಲಿ ಸ್ಕಾರಸ್ ಮೊದಲಿಗ ಎನ್ನುತ್ತಾರೆ.

ನೀವೇ ಯೋಚಿಸಿ. 'ಕಾಪ್ಟು' ಎಂದು ಅಕ್ಷರ ನುಂಗಿದ ಕೆಲಸಗಾರನ ನಾಣ್ಯ ದೊಡ್ಡ ತಪ್ಪೋ, ಒಂದೂ ಅಕ್ಷರ ತಪ್ಪದೆ ಆಗದ ಗೆಲುವನ್ನು ಸಾರಿದ ನಾಣ್ಯ ದೊಡ್ಡ ತಪ್ಪೋ?

ಸ್ಕಾರಸ್ ಒಬ್ಬನೇ ಅಲ್ಲ. ಕ್ರಿ.ಪೂ. 53ರಲ್ಲಿ ಪಾರ್ಥಿಯನ್ನರು ರೋಮನ್ ಸೈನ್ಯವನ್ನು ಸೋಲಿಸಿ ಅದರ ಧ್ವಜಗಳನ್ನು ಕಸಿದುಕೊಂಡಿದ್ದರು. ಕ್ರಿ.ಪೂ. 20ರಲ್ಲಿ ಆಗಸ್ಟಸ್ ಅವನ್ನು ಮರಳಿ ಪಡೆದ. ಯುದ್ಧದಿಂದಲ್ಲ, ಮಾತುಕತೆಯಿಂದ. ಆದರೂ ಮರುವರ್ಷದ ದಿನಾರಿಯಸ್‌ಗಳಲ್ಲಿ ಪಾರ್ಥಿಯನ್ ಒಬ್ಬ ಮಂಡಿಯೂರಿ ಧ್ವಜ ಒಪ್ಪಿಸುತ್ತಿದ್ದಾನೆ, ಅರೆಟಾಸ್‌ನ ಹಾಗೆಯೇ. ಅದೇ ಕಾಲದ ಬೇರೆ ನಾಣ್ಯಗಳಲ್ಲಿ 'ಅರ್ಮೇನಿಯಾ ವಶವಾಯಿತು' ಎಂದಿದೆ. ಆದರೆ ಆಗಸ್ಟಸ್ ತನ್ನ ಸಾಧನೆಗಳ ಶಾಸನದಲ್ಲಿ ತಾನೇ ಹೇಳಿಕೊಂಡ ಪ್ರಕಾರ, ಅರ್ಮೇನಿಯಾವನ್ನು ಪ್ರಾಂತ್ಯವಾಗಿ ಮಾಡಿಕೊಳ್ಳಬಹುದಾಗಿದ್ದರೂ ಮಾಡದೆ ಟೈಗ್ರೇನಸ್ ಎಂಬ ರಾಜನಿಗೆ ಒಪ್ಪಿಸಿದ. ಒಬ್ಬನೇ ಮನುಷ್ಯ, ನಾಣ್ಯದಲ್ಲಿ ಒಂದು ಮಾತು, ಶಾಸನದಲ್ಲಿ ಇನ್ನೊಂದು ಮಾತು.

ಕ್ರಿ.ಶ. 106ರಲ್ಲಿ ಟ್ರಾಜನ್ ಚಕ್ರವರ್ತಿ ಕೊನೆಗೂ ನಬಾತಿ ರಾಜ್ಯವನ್ನು ಸೇರಿಸಿಕೊಂಡ. ಆಗಿನ ದಿನಾರಿಯಸ್‌ನಲ್ಲೂ ಒಂಟೆ ಇದೆ, ಆದರೆ ಮಂಡಿಯೂರಿದ ರಾಜನಿಲ್ಲ. ಯುದ್ಧ ಮಾಡಿ ಗೆದ್ದ ಡೇಸಿಯಾ ದೇಶಕ್ಕೆ 'ವಶವಾಯಿತು' ಎಂಬ ಶಬ್ದ ಬಳಸಿದ ಟ್ರಾಜನ್, ಅರೇಬಿಯಾಕ್ಕೆ ಮಾತ್ರ 'ಸೇರ್ಪಡೆಯಾಯಿತು' ಎಂಬರ್ಥದ ಬೇರೆ ಶಬ್ದ ಬಳಸಿದ. ಶಬ್ದದ ಆಯ್ಕೆ ಎಂದರೆ ಇದು.

ಭಾಷೆ ತಿಳಿಯದ ಕೆತ್ತನೆಗಾರ

ಭಾಷಾ ಶಿಕ್ಷಕನಾದ ನನಗೆ ಬಹಳ ಪ್ರಿಯವಾದ ತಪ್ಪು ಇನ್ನೊಂದಿದೆ. ಕ್ರಿ.ಶ. 193ರಿಂದ ಸೆಪ್ಟಿಮಿಯಸ್ ಸೆವೆರಸ್ ಮತ್ತು ಪೆಸೆನ್ನಿಯಸ್ ನೈಜರ್ ನಡುವೆ ಸಿಂಹಾಸನಕ್ಕಾಗಿ ಯುದ್ಧ ನಡೆಯಿತು. 194ರಲ್ಲಿ ಸೆವೆರಸ್ ಗೆದ್ದ. ಆ ಸಮಯದಲ್ಲಿ ಸೈನ್ಯದ ಸಂಬಳಕ್ಕಾಗಿ ಪೂರ್ವದ ಸಿರಿಯಾದ ಕಡೆಯ ಟಂಕಸಾಲೆಗಳಲ್ಲಿ ಅವಸರದಿಂದ ದಿನಾರಿಯಸ್ ಅಚ್ಚು ಹಾಕಿಸಿದರು. 'ಅಜೇಯ ಚಕ್ರವರ್ತಿಗೆ' ಎಂಬ ಬರಹ ಮತ್ತು ಆಯುಧಗಳ ಸ್ತಂಭ ಅವುಗಳಲ್ಲಿ ಕೆಲವುಗಳ ಮೇಲಿದೆ. ಆದರೆ ಕೆತ್ತುವವರ ಭಾಷೆ ಗ್ರೀಕ್, ಕೆತ್ತಬೇಕಾದದ್ದು ಲ್ಯಾಟಿನ್. 'ಎರಡನೇ ಬಾರಿಯ ಕಾನ್ಸಲ್' ಎಂಬ ಪದವಿಯನ್ನು ಸೂಚಿಸುವ 'ಕಾಸ್' ಮತ್ತು ಅಂಕಿ ಎರಡು, ಕೆಲವು ಅಚ್ಚುಗಳಲ್ಲಿ ಹಿಂದುಮುಂದಾಗಿ ಅಂಕಿ ಎರಡು ಮತ್ತು 'ಕೊ' ಆಗಿದೆ. 'ಒಳ್ಳೆಯ ಭರವಸೆ' ಎಂಬ ಮಾತಿನಲ್ಲಿ ಸ್ತ್ರೀಲಿಂಗದ ನಾಮಪದಕ್ಕೆ ಸಲ್ಲದ ರೂಪ ಹಾಕಿ 'ಬೋನಿ ಸ್ಪೆಸ್' ಎಂದು ಕೆತ್ತಿದ್ದಾರೆ.

ಇದನ್ನು ಓದಿದಾಗ ನನಗೆ ನನ್ನ ತರಗತಿಯೇ ನೆನಪಾಯಿತು. 'ಕಿತಾಬ್ ಅಚ್ಛೀ ಹೈ' ಎನ್ನಬೇಕಾದಲ್ಲಿ 'ಅಚ್ಛಾ ಹೈ' ಎಂದು ಬರೆಯುವ ಮಕ್ಕಳು ಎಷ್ಟು ಮಂದಿ! ಕನ್ನಡದಲ್ಲಿ ಪುಸ್ತಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ, ಉರ್ದುವಿನಲ್ಲಿದೆ. ಈ ತಪ್ಪು ದಡ್ಡತನದ ಗುರುತಲ್ಲ. ಎರಡು ಭಾಷೆಗಳ ನಡುವೆ ಬದುಕುವವನ ಗುರುತು. ಆ ಸಿರಿಯಾದ ಕೆತ್ತನೆಗಾರನ ಹೆಸರು ಯಾರೂ ಬರೆದಿಡಲಿಲ್ಲ. ಆದರೆ ಅವನು ಎಲ್ಲಿಯವನು, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದ ಎಂಬುದನ್ನು ಅವನ ತಪ್ಪೇ ಹೇಳಿಬಿಟ್ಟಿತು. ತಪ್ಪುಗಳ ಆಧಾರದಿಂದಲೇ ವಿದ್ವಾಂಸರು ಯಾವ ನಾಣ್ಯ ಯಾವ ಅಚ್ಚಿನಿಂದ ಬಂತು, ಯಾವುದು ಮೊದಲು, ಯಾವುದು ನಂತರ ಎಂದು ವಿಂಗಡಿಸುತ್ತಾರೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಹೊದಿಕೆ ಹಾಕಿದ ಆ ಕಾಲದ ನಕಲಿ ನಾಣ್ಯಗಳೂ ಬಹಳ ಇವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮುಖಗಳು ಒಂದೇ ನಾಣ್ಯದಲ್ಲಿ ಕಂಡರೆ ಮೊದಲು ನಕಲಿಯೆಂದೇ ಶಂಕಿಸಬೇಕು.

ನಮ್ಮ ಮಣ್ಣಿನಲ್ಲಿ

ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ದಿನಾರಿಯಸ್‌ಗಳು ದೊರೆತಿವೆ. ಭಾರತದಲ್ಲಿ ಹೆಚ್ಚಾಗಿ ಸಿಕ್ಕಿರುವುದು ಯುದ್ಧದ ಗೆಲುವಿನ ನಾಣ್ಯಗಳಲ್ಲ, ವ್ಯಾಪಾರಕ್ಕೆ ಬಂದ ಸಾಮಾನ್ಯ ನಾಣ್ಯಗಳು. ಅವುಗಳನ್ನು ನೋಡಿ ಇಲ್ಲಿಯ ಅಕ್ಕಸಾಲಿಗರು ಮಾಡಿದ ಅನುಕರಣೆಗಳೂ ಇವೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೀ ಗೆರೆ, ವೃತ್ತಗಳಾಗಿವೆ. ಓದಲು ಬಾರದವನು ಅಕ್ಷರವನ್ನು ಚಿತ್ರವೆಂದು ತಿಳಿದು ಬರೆದರೆ ಹಾಗೆಯೇ ಆಗುತ್ತದೆ. ಅರ್ಥ ತಿಳಿಯದೆ ಗೈಡಿನಿಂದ ಉತ್ತರ ನಕಲು ಮಾಡುವವರು ಇದನ್ನು ನೆನಪಿಡಬೇಕು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಿಮಗೆ ಹಳೆಯ ನಾಣ್ಯಗಳು ಸಿಕ್ಕರೆ ಕರಗಿಸಬೇಡಿ, ಮಾರಬೇಡಿ. ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸುವುದು ನಮ್ಮ ಕರ್ತವ್ಯ.

ಕೊನೆಯ ಮಾತು

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಪ್ರಮಾಣಪತ್ರ ಮಾಡಿಸಿ, ಶಾಲೆಯಿಂದ ಪತ್ರ ಕೊಡಿಸಿ, ನಾನೂ ಅವಳ ತಂದೆಯ ಜೊತೆ ಕಚೇರಿಗೆ ಓಡಾಡಿ, ಹಲವು ತಿಂಗಳ ನಂತರ ಹೆಸರು ಸರಿಯಾಯಿತು. ಆದರೆ ಆ ವರ್ಷದ ವಿದ್ಯಾರ್ಥಿವೇತನ ಬರಲಿಲ್ಲ. ಈಗ ಆಕೆ ಪದವಿ ಓದುತ್ತಿದ್ದಾಳೆ. ಹಾರಿಥಾನ ಹೆಸರನ್ನು ತಿದ್ದಲು ನಮ್ಮಿಂದ ಆಗದು, ಆ ಬೆಳ್ಳಿ ಗಟ್ಟಿಯಾಗಿಬಿಟ್ಟಿದೆ. ಆದರೆ ನಮ್ಮ ಮಕ್ಕಳ ಹೆಸರು ಅಚ್ಚಾಗುವ ಮೊದಲು ತಿದ್ದಲು ಸಮಯವಿದೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಎಸ್.ಎಸ್.ಎಲ್.ಸಿ. ಹೆಸರುಪಟ್ಟಿ ಕಳುಹಿಸುವ ಮೊದಲು ಪ್ರತಿ ಶಾಲೆಯಲ್ಲಿ ಒಂದು ದಿನ ಪೋಷಕರನ್ನು ಕರೆಸೋಣ. ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಬಲ್ಲ ಒಬ್ಬರು ಕುಳಿತು ಆಧಾರ್ ಮತ್ತು ಪಾಸ್‌ಬುಕ್ಕಿನೊಂದಿಗೆ ಹೆಸರನ್ನು ತಾಳೆ ನೋಡಲಿ. ಮಗುವೇ ತನ್ನ ಹೆಸರನ್ನು ಓದಿ ಸಹಿ ಹಾಕಲಿ. ಇದಕ್ಕೆ ಹಣ ಬೇಡ, ಒಂದು ದಿನದ ಶ್ರಮ ಸಾಕು. ಮೊದಲ ಕೆಲಸಗಾರನಾಗಿ ನಾನು ಬರುತ್ತೇನೆ.

ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮ ಪುಸ್ತಕದಲ್ಲಿ ಕೆಂಪು ಮಸಿ ಕಂಡರೆ ನಾಚಬೇಡಿ, ಚಕ್ರವರ್ತಿಗಳ ಟಂಕಸಾಲೆಯೂ ತಪ್ಪಿದೆ. ತಪ್ಪನ್ನು ನೋಡಿ, ಯಾಕಾಯಿತೆಂದು ಕೇಳಿ, ತಿದ್ದಿಕೊಳ್ಳಿ. ಆದರೆ ಅಂದವಾಗಿ ಅಚ್ಚಾದದ್ದೆಲ್ಲ ಸತ್ಯವೆಂದು ನಂಬಬೇಡಿ. ಸ್ಕಾರಸ್‌ನ ನಾಣ್ಯ ಹೊಳೆಯುತ್ತದೆ, ಆದರೆ ನಡೆದದ್ದು ತಿಳಿಯಬೇಕಾದರೆ ಜೋಸೆಫಸ್‌ನನ್ನು ಓದಬೇಕು. ಗೆದ್ದವರ ನಾಣ್ಯ ನೋಡಿದಾಗ ಮಂಡಿಯೂರಿದವನ ಹೆಸರೇನು, ಅವನ ಮನೆಯವರು ಅವನನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.